ಬಿಲ್ಲು ಅಷ್ಟು ವೇಗ ಇದ್ದರೂ ಇಂಗ್ಲಿಷರು ಬಂದೂಕು ಹಿಡಿದಿದ್ದೇಕೆ?

ಪ್ರಶ್ನೆ: ಒಳ್ಳೆಯ ಬಿಲ್ಲುಗಾರ ನಿಮಿಷಕ್ಕೆ ಹತ್ತು ಬಾಣ ಬಿಡುತ್ತಿದ್ದ ಅಂತಾರೆ. ಹಳೇ ಕಾಲದ ಬಂದೂಕಿನಲ್ಲಿ ಅಷ್ಟು ಹೊತ್ತಿಗೆ ಒಂದೋ ಎರಡೋ ಗುಂಡು. ಹಾಗಿದ್ದರೂ ಇಂಗ್ಲಿಷರು ಬಿಲ್ಲು ಬಿಟ್ಟಿದ್ದು ದಡ್ಡತನ ಅಲ್ವಾ?

ಈ ಪ್ರಶ್ನೆ ಆಗಾಗ ಬರುತ್ತಲೇ ಇರುತ್ತದೆ. ಹೊಸದೇನೂ ಅಲ್ಲ. 1590ರಲ್ಲಿ ಇಂಗ್ಲೆಂಡಿನಲ್ಲೇ ಇದರ ಮೇಲೆ ದೊಡ್ಡ ಜಗಳ ನಡೆದಿತ್ತು. ಸರ್ ಜಾನ್ ಸ್ಮೈತ್ ಎಂಬ ಹಳೇ ಯೋಧ ಬಿಲ್ಲಿನ ಪರವಾಗಿ ಬರೆದ. ನೆದರ್ಲೆಂಡ್ಸ್ ಯುದ್ಧದಲ್ಲಿ ಕಾದಾಡಿ ಬಂದಿದ್ದ ಸರ್ ರೋಜರ್ ವಿಲಿಯಮ್ಸ್ ಅದೇ ವರ್ಷ, 1500 ಬಿಲ್ಲುಗಾರರಿಗಿಂತ 500 ಬಂದೂಕಿನವರೇ ಮೇಲು ಎಂದ. 1595ರಲ್ಲಿ ರಾಣಿ ಎಲಿಜಬೆತ್‌ಳ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್ ವಿಲಿಯಮ್ಸ್ ಕಡೆಗೇ ವಾಲಿತು. ತರಬೇತಿ ಪಡೆದ ಸ್ಥಳೀಯ ಪಡೆಗಳಲ್ಲಿ ಬಿಲ್ಲಿನ ಬದಲು ಬಂದೂಕು ಬರಲಿ ಎಂದು ಆಜ್ಞೆ ಆಯಿತು.

ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಆದರೆ ನಿಮಿಷಕ್ಕೆ ಹತ್ತು ಬಾಣ ಬಿಡುವ ಆ ಬಿಲ್ಲುಗಾರನನ್ನು ಎಲ್ಲಿಂದ ತರೋದು?

1545ರಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ಮೇರಿ ರೋಸ್ ಹಡಗು ಪೋರ್ಟ್ಸ್‌ಮತ್ ಬಳಿ ಮುಳುಗಿತು. 1982ರಲ್ಲಿ ಅದನ್ನು ಮೇಲೆತ್ತಿದರು. ನೂರಕ್ಕೂ ಹೆಚ್ಚು ಬಿಲ್ಲುಗಳು, ಸಾವಿರಾರು ಬಾಣಗಳು ಸಿಕ್ಕವು. ಬಿಲ್ಲುಗಳು ಆಳೆತ್ತರ. ಎಳೆಯಲು ಬೇಕಾದ ಬಲ ಸುಮಾರು 45ರಿಂದ 80 ಕೆಜಿ ಎಂದು ಅಂದಾಜು ಮಾಡಿದ್ದಾರೆ. ನಮ್ಮಲ್ಲಿ ಸಿಗುವ ಸಿಮೆಂಟ್ ಮೂಟೆ 50 ಕೆಜಿ. ಅಷ್ಟು ಭಾರವನ್ನು ಬೆರಳಲ್ಲಿ ಹಿಡಿದು ಕಿವಿಯವರೆಗೆ ಎಳೆಯಬೇಕು. ಮತ್ತೆ ಎಳೆಯಬೇಕು. ಹಡಗಿನಲ್ಲಿ ಸಿಕ್ಕ ಕೆಲವು ಅಸ್ಥಿಪಂಜರಗಳಲ್ಲಿ ಭುಜದ ಒಂದು ಮೂಳೆ ಸರಿಯಾಗಿ ಕೂಡಿಕೊಂಡೇ ಇರಲಿಲ್ಲ. ಚಿಕ್ಕ ವಯಸ್ಸಿನಿಂದ ಬಿಲ್ಲು ಎಳೆದೂ ಎಳೆದೂ ಹೀಗಾಗಿರಬೇಕು ಎಂಬ ವಾದವಿದೆ.

ಅಂದರೆ ಬಿಲ್ಲುಗಾರನನ್ನು ಬೆಳೆಸಬೇಕು. 1549ರಲ್ಲಿ ಹ್ಯೂ ಲ್ಯಾಟಿಮರ್ ಎಂಬ ಪಾದ್ರಿ ಹೆನ್ರಿಯ ಮಗ, ದೊರೆ ಆರನೇ ಎಡ್ವರ್ಡ್ ಎದುರು ಮಾಡಿದ ಉಪದೇಶದಲ್ಲಿ ತನ್ನ ಬಾಲ್ಯ ನೆನೆಯುತ್ತಾನೆ. ಬರೀ ತೋಳಿನಿಂದಲ್ಲ, ಇಡೀ ಮೈಭಾರ ಹಾಕಿ ಎಳೆಯುವುದನ್ನು ಅಪ್ಪ ಕಲಿಸಿದ್ದನಂತೆ. ಮಗನ ವಯಸ್ಸು, ಬಲ ಹೆಚ್ಚಿದ ಹಾಗೆ ದೊಡ್ಡ ಬಿಲ್ಲು ಕೊಡಿಸುತ್ತಿದ್ದನಂತೆ.

ಹೆನ್ರಿ ಇದನ್ನು ಕಾನೂನಿನಿಂದಲೇ ಉಳಿಸಲು ನೋಡಿದ. 1541ರ ಕಾಯ್ದೆಯ ಪ್ರಕಾರ ಏಳು ವರ್ಷದ ಹುಡುಗನಿಗೂ ಮನೆಯಲ್ಲಿ ಬಿಲ್ಲು, ಎರಡು ಬಾಣ ಇರಬೇಕು. 24 ದಾಟಿದವನು 220 ಗಜಕ್ಕಿಂತ ಹತ್ತಿರದ ಗುರಿಗೆ ಹೊಡೆಯುವಂತಿಲ್ಲ. ದಾಳ, ಇಸ್ಪೀಟು ಇತ್ಯಾದಿಗಳಿಗೆ ಕಡಿವಾಣ. ಜನ ಅಭ್ಯಾಸ ಮಾಡುತ್ತಿದ್ದರೆ ಇಂಥ ಕಾನೂನು ಯಾಕೆ ಬೇಕಿತ್ತು ಹೇಳಿ? ಬಿಲ್ಲು ಸೋತಿದ್ದು ರಣರಂಗದಲ್ಲಿ ಅನ್ನುವುದಕ್ಕಿಂತ ಊರಿನ ಬಯಲಲ್ಲಿ ಅಂತಲೇ ನನಗನಿಸುತ್ತದೆ.

ಬಂದೂಕಿನ ಕತೆ ಬೇರೆ. ಹೊಲದಿಂದ ಎಳೆದು ತಂದವನಿಗೂ ಕೆಲವು ವಾರದಲ್ಲಿ ಕಲಿಸಬಹುದು. ದಂಡಯಾತ್ರೆಯಲ್ಲಿ ಎರಡು ತಿಂಗಳು ಮಳೆ, ಅರೆಹೊಟ್ಟೆ, ಭೇದಿ ಅಂತಾದರೆ ಬಿಲ್ಲುಗಾರನ ಬಾಣ ಮೊದಲಿನಷ್ಟು ದೂರ ಹೋಗಲ್ಲ. ಬಂದೂಕಿಗೆ ಹಿಡಿದವನು ಉಂಡಿದ್ದಾನೋ ಇಲ್ಲವೋ ಗೊತ್ತಾಗಲ್ಲ. ಗುಂಡು ಅಷ್ಟೇ ಜೋರಾಗಿ ಹೋಗುತ್ತದೆ. ಒಳ್ಳೆಯ ಕವಚವನ್ನು ತೂರುವುದರಲ್ಲೂ ಮಸ್ಕೆಟ್ ಎಂಬ ಭಾರದ ಬಂದೂಕಿನ ಗುಂಡೇ ಮುಂದು.

ಹಾಗಂತ ಅದು ಸುಲಭದ ಆಯುಧವಲ್ಲ. ಆಗಿನದು ಬತ್ತಿ ಬಂದೂಕು. ಸೆಣಬಿನಂಥ ನಾರಿನ ಹಗ್ಗ ನಿಧಾನವಾಗಿ ಕೆಂಡವಾಗಿ ಉರಿಯುತ್ತಿರಬೇಕು. ಒಂದು ತುದಿ ಆರಿದರೂ ಇನ್ನೊಂದು ಇರಲಿ ಅಂತ ಎರಡೂ ತುದಿ ಹಚ್ಚಿಕೊಂಡಿರುತ್ತಿದ್ದರು. ಉರಿಯುವ ಬತ್ತಿಯನ್ನು ಎಡಗೈ ಬೆರಳ ಸಂದಿಯಲ್ಲಿ ಹಿಡಿದೇ ಮದ್ದು ಸುರಿಯಬೇಕು, ಗುಂಡು ಹಾಕಬೇಕು, ಉದ್ದನೆಯ ಕೋಲಿನಿಂದ ಜಡಿಯಬೇಕು. ಆಮೇಲೆ ಬತ್ತಿಯನ್ನು ಕೊಕ್ಕೆಗೆ ಸಿಕ್ಕಿಸಿ, ಬೂದಿ ಊದಿ, ಹೊಡೆಯಬೇಕು. ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ, 1642ರ ಎಜ್‌ಹಿಲ್ ಕದನದಲ್ಲಿ ಒಬ್ಬ ಬೆರಳಲ್ಲಿ ಬತ್ತಿ ಇಟ್ಟುಕೊಂಡೇ ಮದ್ದಿನ ಪೀಪಾಯಿಗೆ ಕೈ ಹಾಕಿದ. ಸುತ್ತಲಿದ್ದವರೂ ಸತ್ತರು. ಇನ್ನೊಂದು ಕಷ್ಟ, ಬತ್ತಿ ಮುಗಿದುಹೋಗುತ್ತಿತ್ತು. 1643ರಲ್ಲಿ ಡಿವೈಜಸ್ ಊರಿನಲ್ಲಿ ಮುತ್ತಿಗೆಗೆ ಸಿಕ್ಕ ರಾಜನ ಪಡೆ ಮನೆ ಮನೆ ಹುಡುಕಿ ಮಂಚದ ಹಗ್ಗಗಳನ್ನು ಬಿಚ್ಚಿಸಿತು. ಅವನ್ನು ಜಜ್ಜಿ, ರಾಳದಲ್ಲಿ ಕುದಿಸಿ ಬತ್ತಿ ಮಾಡಿಕೊಂಡರು. ಊರವರು ನೆಲದ ಮೇಲೆ ಮಲಗಿದರೋ ಏನೋ.

ಒಂದು ಗುಂಡು ಹೊಡೆದು ಇನ್ನೊಂದು ತುಂಬುವಷ್ಟರಲ್ಲಿ ಕುದುರೆ ಸವಾರರು ಮೇಲೆ ಬಿದ್ದರೆ? ಯುದ್ಧದ ಪಟ್ಟುಗಳೆಲ್ಲ ಬದಲಾದದ್ದು ಈ ಭಯದಿಂದಲೇ. ಐದು ಮೀಟರು ಉದ್ದದ ಈಟಿ ಹಿಡಿದವರು ಗುಂಪಾಗಿ ನಿಲ್ಲುತ್ತಿದ್ದರು, ಬಂದೂಕಿನವರು ಅವರ ಪಕ್ಕದಲ್ಲಿ. ಸವಾರರು ನುಗ್ಗಿದರೆ ಈಟಿಗಳ ಆಸರೆಗೆ ಸರಿಯುವುದು. ಬಂದೂಕಿನವರೂ ಸಾಲು ಸಾಲಾಗಿ ನಿಂತು, ಒಂದು ಸಾಲು ಹೊಡೆದು ಹಿಂದೆ ಹೋಗಿ ತುಂಬುವಾಗ ಮತ್ತೊಂದು ಸಾಲು ಮುಂದೆ ಬರುತ್ತಿತ್ತು. 1645ರಲ್ಲಿ ಪಾರ್ಲಿಮೆಂಟ್ ಕಟ್ಟಿದ ಹೊಸ ಮಾದರಿ ಸೈನ್ಯದಲ್ಲಿ ಒಬ್ಬ ಈಟಿಯವನಿಗೆ ಇಬ್ಬರು ಬಂದೂಕಿನವರು ಎಂಬ ಲೆಕ್ಕವಿತ್ತು.

ಇಷ್ಟಕ್ಕೆಲ್ಲ ಜಾಸ್ತಿ ಬೇಕಾದದ್ದು ಶಿಸ್ತು. ಅದೇ ವರ್ಷ ಜೂನ್ 14ರಂದು ನೇಸ್‌ಬಿಯಲ್ಲಿ ರಾಜನ ಕಡೆಯ ರಾಜಕುಮಾರ ರೂಪರ್ಟ್‌ನ ಸವಾರರು ಎದುರಾಳಿಯ ಒಂದು ಪಕ್ಕವನ್ನು ಮುರಿದು, ಅಟ್ಟಿಸಿಕೊಂಡು ಸಾಮಾನು ಗಾಡಿಗಳವರೆಗೂ ಹೋಗಿಬಿಟ್ಟರು. ಪಾರ್ಲಿಮೆಂಟಿನ ಸೇನಾನಿ ಕ್ರಾಮ್‌ವೆಲ್‌ನ ಸವಾರರೂ ತಮ್ಮ ಕಡೆ ಗೆದ್ದರು. ಆದರೆ ಅವನು ಅವರನ್ನು ತಡೆದು, ತಿರುಗಿಸಿ ರಾಜನ ಕಾಲಾಳುಗಳ ಮೇಲೆ ಬಿಟ್ಟ. ರೂಪರ್ಟ್ ವಾಪಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈಟಿ ಹೋದದ್ದು ಇನ್ನೂ ತಡವಾಗಿ. ಮೊದಲು ಬತ್ತಿ ಹೋಗಿ ಚಕಮಕಿ ಕಲ್ಲು ಬಂತು. 1685ರ ಸೆಜ್‌ಮೂರ್ ಕದನ ನಡೆದದ್ದು ಕತ್ತಲಲ್ಲಿ. ರಾಜನ ಕಡೆಯ ಒಂದು ರೆಜಿಮೆಂಟಿನಲ್ಲಿ ಇನ್ನೂ ಬತ್ತಿ ಬಂದೂಕೇ ಇತ್ತು. ಆ ಕೆಂಡದ ಚುಕ್ಕಿಗಳನ್ನು ನೋಡಿಯೇ ದಂಗೆಕೋರರು ಅವರಿರುವ ಜಾಗ ಕಂಡುಕೊಂಡರು. ಆಮೇಲೆ ಬಯೋನೆಟ್, ಅಂದರೆ ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ. ಮೊದಮೊದಲು ಅದನ್ನು ಬಂದೂಕಿನ ಬಾಯಿಗೇ ತುರುಕುತ್ತಿದ್ದರು, ಸೀಸೆಗೆ ಬಿರಡೆ ಹಾಕಿದ ಹಾಗೆ. ತುರುಕಿದ ಮೇಲೆ ಗುಂಡು ಹೊಡೆಯುವಂತಿಲ್ಲ. 1689ರಲ್ಲಿ ಸ್ಕಾಟ್ಲೆಂಡಿನ ಕಿಲಿಕ್ರ್ಯಾಂಕಿಯಲ್ಲಿ ಬೆಟ್ಟದ ಸ್ಕಾಟರು ಕತ್ತಿ ಹಿಡಿದು ಇಳಿಜಾರಿನಲ್ಲಿ ಓಡಿ ಬಂದಾಗ, ಜನರಲ್ ಮ್ಯಾಕೆಯ ಸಿಪಾಯಿಗಳಿಗೆ ಬಯೋನೆಟ್ ತುರುಕಲೂ ಸಮಯ ಸಿಗಲಿಲ್ಲ. ಸೋತ ಮ್ಯಾಕೆ, ಬಾಯಿ ಮುಚ್ಚದಂತೆ ನಳಿಗೆಯ ಪಕ್ಕಕ್ಕೆ ಕೂರುವ ಬಯೋನೆಟ್ ಮಾಡಿಸಿದ. ಮುಂದೆ ಎಲ್ಲೆಡೆ ಆ ಬಗೆಯದೇ ಬಂತು. ಬಂದೂಕೇ ಈಟಿಯಾದ ಮೇಲೆ ಈಟಿಯವರ ಕೆಲಸ ಹೋಯಿತು, 1705ರ ಹೊತ್ತಿಗೆ ಇಂಗ್ಲಿಷ್ ಸೈನ್ಯದಲ್ಲಿ ಅವರಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಹತ್ತಿದವರ ಕೈಯಲ್ಲಿದ್ದದ್ದೂ ಇದೇ ಜಾತಿಯ ಬಂದೂಕು, ಬ್ರೌನ್ ಬೆಸ್.

ಅಂದಹಾಗೆ, ನಿಮ್ಮ ಹಾಗೇ ಯೋಚಿಸಿದವರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಕೂಡ ಒಬ್ಬರು. 1776ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಅಮೆರಿಕದವರಿಗೆ ಬಂದೂಕು, ಮದ್ದು ಸಾಲದೆ ಬಂದಾಗ ಅವರು ಜನರಲ್ ಚಾರ್ಲ್ಸ್ ಲೀಗೆ ಪತ್ರ ಬರೆದು, ಬಿಲ್ಲು ಬಾಣ ಒಳ್ಳೆಯ ಆಯುಧಗಳು, ಸುಮ್ನೆ ಕೈಬಿಟ್ಟೆವು ಎಂದರು. ಒಂದು ಗುಂಡು ಹೊಡೆಯುವಷ್ಟರಲ್ಲಿ ನಾಲ್ಕು ಬಾಣ ಬಿಡಬಹುದು, ಹೊಗೆಯೂ ಇಲ್ಲ, ಬಿಲ್ಲು ಎಲ್ಲಿ ಬೇಕಾದರೂ ಸಿಗುತ್ತದೆ ಎಂದು ವಾದಿಸಿದರು. ಬಿಲ್ಲನ್ನೇನೋ ಮಾಡಿಸಬಹುದಿತ್ತು. ಅದನ್ನು ಎಳೆಯುವಂಥ ಭುಜದವರು ಆ ಹೊತ್ತಿಗೆ ಇಂಗ್ಲೆಂಡಿನಲ್ಲೂ ಉಳಿದಿರಲಿಲ್ಲ.