ನಾಲ್ಕು ಆರ್ಕೆಸ್ಟ್ರಾ ಸೇರಿ ಬರೆಸಿದ ಕನ್ಸರ್ಟೊ ಯಾರದ್ದು?

ಓದುಗರ ಪ್ರಶ್ನೆ: ಹೊಸ ಟ್ರೊಂಬೋನ್ ಕನ್ಸರ್ಟೊ, ಟ್ಯೂಬಾ ಕನ್ಸರ್ಟೊಗಳ ಸ್ಕೋರ್ ತೆರೆದರೆ ಶುರುವಿನಲ್ಲೇ ಮೂರು-ನಾಲ್ಕು ಆರ್ಕೆಸ್ಟ್ರಾಗಳ ಹೆಸರು ಇರುತ್ತದೆ, ಇವರೆಲ್ಲ ಸೇರಿ ಬರೆಸಿದ್ದು ಅಂತ. ಒಂದು ಕೃತಿಗೆ ಇಷ್ಟು ಜನ ಯಾಕೆ ಬೇಕು? ಎಲ್ಲರೂ ದುಡ್ಡು ಹಾಕಿದ ಮೇಲೆ ಅದು ಯಾರದ್ದಾಗುತ್ತದೆ, ಮೊದಲು ಯಾರು ನುಡಿಸುತ್ತಾರೆ?

ಕನ್ಸರ್ಟೊ ಅಂದರೆ ಒಂದು ವಾದ್ಯ ಮುಂದೆ ನಿಂತು (ಅದೇ ಸೋಲೋ) ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ, ಸ್ಕೋರ್ ಅಂದರೆ ಎಲ್ಲ ವಾದ್ಯಗಳ ಸ್ವರವನ್ನೂ ಒಟ್ಟಿಗೆ ಬರೆದ ಪುಸ್ತಕ, ಟ್ರೊಂಬೋನ್, ಟ್ಯೂಬಾ ಎರಡೂ ಊದುವ ಹಿತ್ತಾಳೆ ವಾದ್ಯಗಳು. ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಕೃತಿ ಅದನ್ನು ಬರೆದವರದ್ದೇ. ನಾಲ್ಕಲ್ಲ, ನಲವತ್ತು ಆರ್ಕೆಸ್ಟ್ರಾ ದುಡ್ಡು ಹಾಕಿದರೂ ಕಾಪಿರೈಟ್ ಸಾಮಾನ್ಯವಾಗಿ ಸಂಯೋಜಕರ ಹತ್ತಿರವೇ ಉಳಿಯುತ್ತದೆ. ಮನೆ ಕಟ್ಟಿಸಿದರೆ ಮನೆ ನಿಮ್ಮದು. ಕನ್ಸರ್ಟೊ ಬರೆಸಿದರೆ ನಿಮ್ಮದಾಗುವುದು ಸಂಯೋಜಕರ ಇಷ್ಟು ತಿಂಗಳ ಕೆಲಸ, ಬೇರೆಯವರಿಗಿಂತ ಮೊದಲು ನುಡಿಸುವ ಹಕ್ಕು, ಮತ್ತು ಸ್ಕೋರಿನ ಮೇಲೆ ಒಂದು ಸಾಲಿನಲ್ಲಿ ನಿಮ್ಮ ಹೆಸರು. ಮೊದಲು ಯಾರು ನುಡಿಸಬೇಕು ಅನ್ನುವುದನ್ನು ಕರಾರು ಹೇಳುತ್ತದೆ. ಸಾಮಾನ್ಯವಾಗಿ ಮುಂದೆ ನಿಂತು ಎಲ್ಲರನ್ನೂ ಒಟ್ಟುಗೂಡಿಸಿದ ಆರ್ಕೆಸ್ಟ್ರಾಕ್ಕೆ ಮೊಟ್ಟಮೊದಲ ಪ್ರದರ್ಶನ ಸಿಗುತ್ತದೆ, ಉಳಿದವರಿಗೆ ಅವರವರ ದೇಶದ ಅಥವಾ ಊರಿನ ಮೊದಲ ಪ್ರದರ್ಶನ.

ಆದರೆ "ಇಷ್ಟು ಜನ ಯಾಕೆ" ಅಂತ ಕೇಳಿದಿರಲ್ಲ, ಅದಕ್ಕೆ ಸ್ವಲ್ಪ ಜಾಸ್ತಿ ಹೇಳಬೇಕು. ಖರ್ಚು ಹಂಚಿಕೊಳ್ಳುವುದಕ್ಕೆ ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜ. ಆದರೆ ಮುಖ್ಯ ಕಾರಣ ಅದಲ್ಲ ಅಂತ ನನ್ನ ಅಭಿಪ್ರಾಯ. ಹೊಸ ಕೃತಿಗೆ ಮೊದಲ ಪ್ರದರ್ಶನ ಸಿಗುವುದು ಅಷ್ಟೇನೂ ಕಷ್ಟವಲ್ಲ, ಬರೆಸಿದವರು ನುಡಿಸಿಯೇ ನುಡಿಸುತ್ತಾರೆ. ಎರಡನೆಯದು ಸಿಗುವುದೇ ಕಷ್ಟ. ಒಬ್ಬರೇ ಬರೆಸಿದರೆ ಒಂದು ವಾರ ಮೂರು ಸಂಜೆ ನುಡಿಸಿ, ಚಪ್ಪಾಳೆ ಹೊಡೆಸಿಕೊಂಡು, ಪಾರ್ಟ್‌ಗಳನ್ನು (ಒಂದೊಂದು ವಾದ್ಯದ ಸ್ವರದ ಹಾಳೆಗಳನ್ನು) ಕಟ್ಟಿ ಕಪಾಟಿಗೆ ಇಟ್ಟರೆ ಕಥೆ ಮುಗಿಯಿತು. ನಾಲ್ವರು ಬರೆಸಿದರೆ ಸ್ಕೋರಿನ ಒಂದು ಸ್ವರ ಬರೆಯುವ ಮೊದಲೇ ನಾಲ್ಕು ಊರುಗಳಲ್ಲಿ ಪ್ರದರ್ಶನ ಗೊತ್ತಾಗಿರುತ್ತದೆ.

ಹಿತ್ತಾಳೆ ವಾದ್ಯಗಳಿಗೆ ಇದು ಎಷ್ಟು ಮುಖ್ಯ ಅನ್ನುವುದಕ್ಕೆ 18ನೇ ಶತಮಾನದ ಆಸ್ಟ್ರಿಯಾದ ಸಂಯೋಜಕ ಹೈಡನ್ ಬರೆದ ಟ್ರಂಪೆಟ್ ಕನ್ಸರ್ಟೊದ ಕಥೆಯೇ ಸಾಕು. ಅವರು ಅದನ್ನು 1796ರಲ್ಲಿ ವಿಯೆನ್ನಾದ ಟ್ರಂಪೆಟ್ ವಾದಕ ಆಂಟನ್ ವೈಡಿಂಗರ್‌ಗಾಗಿ ಬರೆದರು. ಆ ಕಾಲದ ಸಾದಾ ಟ್ರಂಪೆಟ್ಟಿನಲ್ಲಿ ಕೆಳಗಿನ ಸ್ಥಾಯಿಯಲ್ಲಿ ಅಕ್ಕಪಕ್ಕದ ಸ್ವರಗಳೇ ಬರುತ್ತಿರಲಿಲ್ಲ, ನಡುವೆ ದೊಡ್ಡ ದೊಡ್ಡ ಖಾಲಿ ಜಾಗ. ವೈಡಿಂಗರ್ ಹತ್ತಿರ ಬದಿಯ ರಂಧ್ರಗಳನ್ನು ಬೆರಳಿನಿಂದ ತೆರೆದು ಮುಚ್ಚುವ ಕೀಲಿ ಇದ್ದ ಹೊಸ ಬಗೆಯ ಟ್ರಂಪೆಟ್ ಇತ್ತು. ಹಾಗಾಗಿ ಹೈಡನ್ ಬೇಕೆಂದೇ, ಟ್ರಂಪೆಟ್ಟಿನ ಮೊದಲ ರಾಗವನ್ನೇ ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಸ್ವರವಾಗಿ ಮೇಲೇರಿಸಿದರು. ಕೇಳಿದವರಿಗೆ ಆಗ ಎಷ್ಟು ಆಶ್ಚರ್ಯವಾಗಿರಬೇಕು, ಅಲ್ವಾ? ಆದರೆ ಪ್ರದರ್ಶನವಾಗಿದ್ದು 1800ರಲ್ಲಿ. ನಂತರ, ಈಗಿನ ಹಾಗೆ ಬೆರಳಿನಿಂದ ಒತ್ತುವ ವಾಲ್ವ್ ಇರುವ ಟ್ರಂಪೆಟ್ ಬಂದು ಕೀಲಿ ಟ್ರಂಪೆಟ್ ಮೂಲೆ ಸೇರಿತು. ಆ ಕನ್ಸರ್ಟೊ ನೂರು ವರ್ಷಕ್ಕೂ ಜಾಸ್ತಿ ಕಾಲ ಹೆಚ್ಚುಕಡಿಮೆ ಮರೆತೇ ಹೋಗಿತ್ತು. ಈಗ ಟ್ರಂಪೆಟ್ ಕಲಿಯುವವರೆಲ್ಲ ನುಡಿಸುವ ಕೃತಿ ಅದು. ಒಬ್ಬ ವಾದಕ, ಒಂದು ವಾದ್ಯ, ಒಂದು ಊರು ಅಂತ ಕಟ್ಟಿಹಾಕಿದರೆ ಹೈಡನ್‌ರಂಥವರ ಕೃತಿಗೂ ಹೀಗಾಗುತ್ತದೆ.

ಒಬ್ಬರೇ ಬರೆಸಿ ಗೆದ್ದವರೂ ಇದ್ದಾರೆ, ಅದನ್ನೂ ಹೇಳಬೇಕು. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ತನ್ನ ಮುಖ್ಯ ಟ್ರೊಂಬೋನ್ ವಾದಕ ಜೋಸೆಫ್ ಅಲೆಸ್ಸಿಗಾಗಿ ಕ್ರಿಸ್ಟೋಫರ್ ರೌಸ್ ಅವರಿಂದ ಬರೆಸಿದ ಕನ್ಸರ್ಟೊಗೆ 1993ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಇಂಗ್ಲೆಂಡಿನ ಸಂಯೋಜಕ ರಾಲ್ಫ್ ವಾನ್ ವಿಲಿಯಮ್ಸ್ ತಮ್ಮ 81ನೇ ವಯಸ್ಸಿನಲ್ಲಿ, 1954ರಲ್ಲಿ, ಲಂಡನ್ ಸಿಂಫನಿ ಆರ್ಕೆಸ್ಟ್ರಾದ 50ನೇ ವರ್ಷಕ್ಕೆ ಅಂತ ಟ್ಯೂಬಾ ಕನ್ಸರ್ಟೊ ಕೊಟ್ಟರು, ಆ ಆರ್ಕೆಸ್ಟ್ರಾದ್ದೇ ಟ್ಯೂಬಾ ವಾದಕ ಫಿಲಿಪ್ ಕ್ಯಾಟಲಿನೆಟ್ ಅದನ್ನು ಮೊದಲು ನುಡಿಸಿದರು. ಸುಮಾರು 13 ನಿಮಿಷದ ಕೃತಿ. ಇವತ್ತಿಗೂ ಟ್ಯೂಬಾದವರಿಗೆ ಅದು ದೊಡ್ಡ ಆಧಾರ. ಆದರೆ ಇವೆಲ್ಲ ದೊಡ್ಡ ಹೆಸರು, ದೊಡ್ಡ ಆರ್ಕೆಸ್ಟ್ರಾ. ಸಣ್ಣ ಆರ್ಕೆಸ್ಟ್ರಾ ಒಂಟಿಯಾಗಿ ಇದಕ್ಕೆ ಕೈಹಾಕಿದರೆ ಅಂಥ ಅದೃಷ್ಟವನ್ನು ನಂಬಿಕೊಂಡು ಕೂರಬಾರದು.

ಜೊತೆಯಾಗಿ ಬರೆಸುವುದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಅಮೆರಿಕದ ಸಂಯೋಜಕಿ ಜೆನ್ನಿಫರ್ ಹಿಗ್ಡನ್ ಅವರ ಲೋ ಬ್ರಾಸ್ (ಅಂದರೆ ಕೆಳಸ್ವರದ ಹಿತ್ತಾಳೆ ವಾದ್ಯಗಳ) ಕನ್ಸರ್ಟೊ. ಶಿಕಾಗೊ, ಫಿಲಡೆಲ್ಫಿಯಾ, ಬಾಲ್ಟಿಮೋರ್ ಆರ್ಕೆಸ್ಟ್ರಾಗಳು ಸೇರಿ ಬರೆಸಿದ್ದು. 2018ರ ಫೆಬ್ರವರಿಯಲ್ಲಿ ಶಿಕಾಗೊದಲ್ಲಿ ರಿಕಾರ್ಡೊ ಮೂಟಿ ನಿರ್ದೇಶನದಲ್ಲಿ ಮೊದಲು ಕೇಳಿಸಿತು. ಇದರಲ್ಲಿ ಸೋಲೋ ನುಡಿಸುವವರು ಒಬ್ಬರಲ್ಲ, ನಾಲ್ವರು: ಎರಡು ಟ್ರೊಂಬೋನ್, ಒಂದು ಬಾಸ್ ಟ್ರೊಂಬೋನ್, ಒಂದು ಟ್ಯೂಬಾ. ಅಂದರೆ ಯಾವುದೇ ದೊಡ್ಡ ಆರ್ಕೆಸ್ಟ್ರಾದ ಹಿಂದಿನ ಸಾಲಿನಲ್ಲಿ ಹೇಗೂ ಕೂತಿರುವ ಜನವೇ. ಹೊರಗಿನಿಂದ ಯಾರನ್ನೂ ಕರೆಸಬೇಕಾಗಿಲ್ಲ, ಒಬ್ಬ ದೊಡ್ಡ ವಾದಕರ ಡೇಟಿಗಾಗಿ ಕಾಯಬೇಕಾಗಿಲ್ಲ, ಅಲ್ಲಿಯವರೇ ಎದ್ದು ಮುಂದೆ ಬಂದು ಕೂತರೆ ಆಯಿತು. ಕೃತಿ ಮತ್ತೆ ಮತ್ತೆ ನುಡಿಸಿಕೊಳ್ಳಲಿ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಯೋಚನೆ ನನಗಂತೂ ಕಂಡಿಲ್ಲ.

ಜೊತೆಗಾರರು ಎಷ್ಟು ಜನ ಇರಬಹುದು ಅನ್ನುವುದಕ್ಕೆ ಮಿತಿ ಇಲ್ಲ. ಜೋನ್ ಟವರ್ ಅವರ ಮೇಡ್ ಇನ್ ಅಮೆರಿಕ ಕನ್ಸರ್ಟೊ ಅಲ್ಲ, ಆರ್ಕೆಸ್ಟ್ರಾ ಕೃತಿ. ಆದರೆ ಅದರ ಹಿಂದೆ ಅಮೆರಿಕದ 50 ರಾಜ್ಯಗಳ 65 ಆರ್ಕೆಸ್ಟ್ರಾಗಳಿದ್ದವು, ಬಹುತೇಕ ಸಣ್ಣವೇ. 2005ರ ಅಕ್ಟೋಬರಿನಲ್ಲಿ ಶುರುವಾಗಿ ಒಂದಾದ ಮೇಲೊಂದು ಊರಿನಲ್ಲಿ ಅದು ಕೇಳಿಸಿತು.

ಇನ್ನು ಕೆಲಸ ಹೇಗೆ ನಡೆಯುತ್ತದೆ ಅಂತ. ಎಷ್ಟೋ ಸಲ ಇದನ್ನು ಶುರುಮಾಡುವುದು ಆರ್ಕೆಸ್ಟ್ರಾ ಅಲ್ಲ, ಸೋಲೋ ವಾದಕರೇ. ಪಿಯಾನೊದವರಿಗೆ, ವಯಲಿನ್‌ನವರಿಗೆ ಹಳೆಯ ಕೃತಿಗಳು ಬೇಕಾದಷ್ಟಿವೆ. ಟ್ರೊಂಬೋನ್, ಟ್ಯೂಬಾದವರಿಗೆ ಹಾಗಿಲ್ಲ, ಅವರು ಬರೆಸಿಕೊಳ್ಳಲೇಬೇಕು. ಹಾಗಾಗಿ ವಾದಕರು ತಮಗೆ ಇಷ್ಟವಾದ ಸಂಯೋಜಕರನ್ನು ಮೊದಲು ಒಪ್ಪಿಸಿ, ಆಮೇಲೆ ತಮಗೆ ಪರಿಚಯವಿರುವ ಆರ್ಕೆಸ್ಟ್ರಾಗಳ ಬಾಗಿಲು ತಟ್ಟುತ್ತಾರೆ. ಒಬ್ಬರು ಹೂಂ ಅಂದರೆ ಎರಡನೆಯವರನ್ನು ಒಪ್ಪಿಸುವುದು ಸುಲಭ. ಆ ಮೊದಲ ಹೂಂ ಸಿಗುವುದಕ್ಕೇ ವರ್ಷ ಹಿಡಿಯಬಹುದು. ದೊಡ್ಡ ಆರ್ಕೆಸ್ಟ್ರಾಗಳು ಕಾರ್ಯಕ್ರಮಗಳನ್ನು ಎರಡು-ಮೂರು ವರ್ಷ ಮೊದಲೇ ಗೊತ್ತುಮಾಡುವುದರಿಂದ, ಇವತ್ತು ಮಾತು ಶುರುವಾದರೆ ಕೃತಿ ಕೇಳಿಸುವುದು ನಾಲ್ಕು ವರ್ಷದ ಮೇಲೆ ಅಂದುಕೊಳ್ಳಿ.

ಆಮೇಲೆ ಸಂಭಾವನೆ. ಅದು ಕೃತಿ ಎಷ್ಟು ನಿಮಿಷ, ಎಷ್ಟು ದೊಡ್ಡ ಆರ್ಕೆಸ್ಟ್ರಾಕ್ಕೆ, ಸಂಯೋಜಕರಿಗೆ ಎಷ್ಟು ಹೆಸರಿದೆ ಅನ್ನುವುದರ ಮೇಲೆ ಹೋಗುತ್ತದೆ. ಸಾಮಾನ್ಯವಾಗಿ ಸಹಿ ಹಾಕಿದಾಗ ಒಂದು ಕಂತು, ಸ್ಕೋರ್ ಕೈಗೆ ಬಂದಾಗ ಇನ್ನೊಂದು. ಪಾಲು ಸಮವಾಗಿಯೇ ಇರಬೇಕು ಅಂತಿಲ್ಲ. ಮೊಟ್ಟಮೊದಲ ಪ್ರದರ್ಶನ ತೆಗೆದುಕೊಂಡವರು ಜಾಸ್ತಿ ಹಾಕುವುದು ನ್ಯಾಯ ಅಂತ ನನಗನ್ನಿಸುತ್ತದೆ. ಜನ ಮರೆಯುವ ಖರ್ಚು ಇನ್ನೊಂದಿದೆ. ಸ್ಕೋರ್ ಒಂದೇ ಸಾಲದು. ಪ್ರತಿ ವಾದ್ಯಕ್ಕೂ ಅದರ ಪಾರ್ಟ್ ಬೇರೆ ಮಾಡಿ, ಪುಟ ತಿರುಗಿಸಲು ಬಿಡುವು ಸಿಗುವ ಕಡೆ ಪುಟ ಒಡೆದು, ತಪ್ಪು ತಿದ್ದಿ, ಮುದ್ರಿಸಬೇಕು. ಇದು ವಾರಗಟ್ಟಲೆ ಕೆಲಸ. ಇದರ ದುಡ್ಡು ಸಂಭಾವನೆಯೊಳಗೆ ಸೇರಿದೆಯೋ ಇಲ್ಲವೋ ಅಂತ ಮೊದಲೇ ಬರೆದಿಡಿ. ನುಡಿಸಲು ಪಾರ್ಟ್ ತರಿಸಿಕೊಳ್ಳುವ ಬಾಡಿಗೆಯನ್ನು ಬರೆಸಿದವರೂ ಕೊಡಬೇಕೋ ಅನ್ನುವುದನ್ನೂ ಬರೆದಿಡಿ.

ಇದಕ್ಕಿಂತ ಜಾಸ್ತಿ ಜಗಳ ಹುಟ್ಟುವುದು "ಎಷ್ಟು ದಿನ ನಮಗೆ ಮಾತ್ರ" ಅನ್ನುವುದರಲ್ಲಿ. ಜೊತೆಗಾರರು ಎಲ್ಲರೂ ನುಡಿಸಿ ಮುಗಿಸುವವರೆಗೆ, ಅಂದರೆ ಒಂದೋ ಎರಡೋ ವರ್ಷ, ಹೊರಗಿನವರಿಗೆ ಕೃತಿ ಕೊಡುವಂತಿಲ್ಲ ಅಂತ ಕರಾರಿನಲ್ಲಿ ಇರುತ್ತದೆ. ಸೋಲೋ ವಾದಕರೂ ಅಷ್ಟು ಕಾಲ ನಾನೊಬ್ಬರೇ ನುಡಿಸುತ್ತೇನೆ ಅನ್ನುತ್ತಾರೆ, ಅಷ್ಟು ಓಡಾಡಿದವರು ಹಾಗೆ ಕೇಳುವುದು ತಪ್ಪಲ್ಲ. ಆದರೆ ಐದು ವರ್ಷ ಬೇಕು ಅಂದರೆ ಒಪ್ಪಬೇಡಿ. ಬೇರೆ ವಾದಕರು ಮುಟ್ಟದ ಕೃತಿ ಅಷ್ಟರಲ್ಲಿ ಹಳೆಯದಾಗಿರುತ್ತದೆ.

ಜೊತೆಗಾರರಲ್ಲಿ ಅತಿ ಸಣ್ಣ ಆರ್ಕೆಸ್ಟ್ರಾ ಯಾವುದು ಅಂತ ನೋಡಿ, ವಾದ್ಯಗಳ ಪಟ್ಟಿಯನ್ನು ಅದಕ್ಕೆ ಹೊಂದಿಸಿ. ಒಬ್ಬರ ಹತ್ತಿರ ನಾಲ್ಕು ಹಾರ್ನ್ ಇದ್ದು ಇನ್ನೊಬ್ಬರ ಹತ್ತಿರ ಎರಡೇ ಇದ್ದರೆ, ಆ ಎರಡನೆಯವರು ಇಬ್ಬರನ್ನು ಬಾಡಿಗೆಗೆ ಕರೆಸಬೇಕು, ಅವರ ಪಾಲಿನ ಖರ್ಚು ಅಲ್ಲೇ ಏರುತ್ತದೆ.

ಈಗ ನನಗೆ ತುಂಬಾ ಹತ್ತಿರದ ವಿಷಯ. ಹಿತ್ತಾಳೆ ವಾದ್ಯ ಊದುವುದು ತುಟಿ. ತುಟಿ ಅಂದರೆ ಸ್ನಾಯು, ಸುಸ್ತಾಗುತ್ತದೆ. ವಯಲಿನ್ ವಾದಕರು ಇಪ್ಪತ್ತೈದು ನಿಮಿಷ ಬಿಡದೆ ನುಡಿಸಬಹುದು, ಟ್ರಂಪೆಟ್‌ನವರು ಮೇಲಿನ ಸ್ವರಗಳಲ್ಲಿ ಹಾಗೆ ಊದುತ್ತಲೇ ಇದ್ದರೆ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ತುಟಿ ಮಾತು ಕೇಳುವುದಿಲ್ಲ. ಆದ್ದರಿಂದ ಬಿಡುವನ್ನೂ ಸಂಯೋಜಕರೇ ಬರೆಯಬೇಕು. ಆ ಬಿಡುವಿನಲ್ಲಿ ವಾದಕರು ವಾದ್ಯದೊಳಗೆ ಸೇರಿದ ನೀರು ಹೊರಹಾಕಬೇಕು, ಧ್ವನಿ ಬದಲಿಸಲು ವಾದ್ಯದ ಬಾಯಿಗೆ ಸಿಕ್ಕಿಸುವ ಮ್ಯೂಟ್ ಬದಲಿಸಬೇಕು. ಮ್ಯೂಟ್ ತೆಗೆದು ಇನ್ನೊಂದು ಹಾಕುವುದಕ್ಕೆ ಕೆಲವು ಸೆಕೆಂಡ್ ಬೇಕು. ಸ್ಕೋರಿನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ವೇದಿಕೆಯ ಮೇಲೆ ಪರದಾಟವೇ.

ಟ್ರೊಂಬೋನ್ ಇನ್ನೂ ವಿಚಿತ್ರ. ಅದರ ಸ್ಲೈಡಿಗೆ, ಅಂದರೆ ಹಿಂದೆ ಮುಂದೆ ಸರಿಸುವ ಕೊಳವೆಗೆ, ಏಳು ಜಾಗ. ಪಿಯಾನೊದಲ್ಲಿ ಬಿ ಫ್ಲ್ಯಾಟ್ ಮತ್ತು ಬಿ ಅನ್ನುವ ಸ್ವರಗಳು ಪಕ್ಕಪಕ್ಕದ ಮನೆ, ಒಂದು ಬೆರಳಿನಷ್ಟು ದೂರ. ಸಾದಾ ಟ್ರೊಂಬೋನಿನ ಕೆಳಗಿನ ಸ್ಥಾಯಿಯಲ್ಲಿ ಬಿ ಫ್ಲ್ಯಾಟ್ ಮೊದಲ ಜಾಗದಲ್ಲಿ, ಬಿ ಏಳನೆಯ ಜಾಗದಲ್ಲಿ! ಅಂದರೆ ಕೈ ಪೂರ್ತಿ ಮುಂದಕ್ಕೆ ಚಾಚಬೇಕು. ಹೆಬ್ಬೆರಳಿನಿಂದ ಒತ್ತುವ ಟ್ರಿಗರ್ ಇರುವ ಟ್ರೊಂಬೋನಿನಲ್ಲಿ ಈ ಕಷ್ಟ ಕಡಿಮೆ. ಪಿಯಾನೊ ಮುಂದೆ ಕೂತು ಬರೆಯುವವರಿಗೆ ಇದು ತಾನಾಗಿ ಹೊಳೆಯುವುದಿಲ್ಲ. ಅದಕ್ಕೇ ಕರಾರಿನಲ್ಲಿ ಒಂದು ಸಾಲು ಇರಲಿ: ಬರೆಯುವ ಹೊತ್ತಿನಲ್ಲಿ ಸಂಯೋಜಕರು ಮತ್ತು ವಾದಕರು ಇಷ್ಟು ಸಲ ಒಟ್ಟಿಗೆ ಕೂತು ನೋಡಬೇಕು ಅಂತ. ಅಂಥ ಕೂಟದಲ್ಲಿ ಬರೀ ತೊಂದರೆಯಲ್ಲ, ಹೊಸ ಹೊಸ ದಾರಿಗಳೂ ಹುಟ್ಟುತ್ತವೆ. ಆಸ್ಟ್ರಿಯಾದ ಸಂಯೋಜಕ ಎಚ್.ಕೆ. ಗ್ರೂಬರ್ ಅವರು ಸ್ವೀಡನ್ನಿನ ಟ್ರಂಪೆಟ್ ವಾದಕ ಹೋಕನ್ ಹಾರ್ಡೆನ್‌ಬರ್ಗರ್‌ಗಾಗಿ ಬರೆದ, 1999ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಮೊದಲು ಕೇಳಿಸಿದ ಏರಿಯಲ್ ಕೃತಿಯಲ್ಲಿ ವಾದಕರು ಟ್ರಂಪೆಟ್ ಊದುತ್ತಲೇ ಅದರೊಳಗೆ ಹಾಡಬೇಕು, ಹಸುವಿನ ಕೊಂಬನ್ನೂ ಊದಬೇಕು. ವಾದಕರು ಪಕ್ಕದಲ್ಲಿ ಕೂತು ಇದೂ ಆಗುತ್ತದೆ ನೋಡಿ ಅಂತ ತೋರಿಸದೆ ಇಂಥದ್ದನ್ನು ಧೈರ್ಯವಾಗಿ ಬರೆಯುವುದು ಕಷ್ಟ.

ಏನಾದರೂ ತಪ್ಪಿದರೆ ಏನು ಅಂತಲೂ ಮೊದಲೇ ಮಾತಾಡಿಕೊಳ್ಳಿ. ಗಡುವು ಮೀರಬಹುದು, ವಾದಕರಿಗೆ ಹುಷಾರು ತಪ್ಪಬಹುದು. ಜೋಸೆಫ್ ಅಲೆಸ್ಸಿಗಾಗಿ ಹಲವು ಆರ್ಕೆಸ್ಟ್ರಾಗಳು ಸೇರಿ ಜಾಝ್ ಪಿಯಾನೊ ವಾದಕ ಚಿಕ್ ಕೊರಿಯಾ ಅವರಿಂದ ಟ್ರೊಂಬೋನ್ ಕನ್ಸರ್ಟೊ ಬರೆಸಿದ್ದವು. ಕೊರಿಯಾ 2021ರ ಫೆಬ್ರವರಿಯಲ್ಲಿ ತೀರಿಕೊಂಡರು, ಕೃತಿ ಮೊದಲು ಕೇಳಿಸಿದ್ದು ಅದೇ ವರ್ಷ ಆಗಸ್ಟಿನಲ್ಲಿ, ಬ್ರೆಜಿಲ್‌ನ ಸಾವೊ ಪೌಲೊದಲ್ಲಿ. ಬರೆದವರೇ ಇಲ್ಲದಿದ್ದರೂ ಕೃತಿಗಾಗಿ ಕಾಯುತ್ತಿದ್ದ ಆರ್ಕೆಸ್ಟ್ರಾಗಳು ಇದ್ದವು.

ಮೊದಲ ಪ್ರದರ್ಶನ ತಮಗೆ ಸಿಗಲಿಲ್ಲ ಅಂತ ಬೇಜಾರಾಗುವವರಿಗೆ ಒಂದು ಮಾತು. ಮೊದಲ ಸಲ ಆರ್ಕೆಸ್ಟ್ರಾ ಜೊತೆ ಕೇಳಿದಾಗಲೇ ಎಲ್ಲಿ ಸೋಲೋ ಮುಚ್ಚಿಹೋಗುತ್ತಿದೆ, ಎಲ್ಲಿ ಬಿಡುವು ಸಾಲದು ಅಂತ ಸಂಯೋಜಕರಿಗೆ ಗೊತ್ತಾಗುವುದು. ಟ್ಯೂಬಾದ ಕೆಳಸ್ವರಗಳ ಮೇಲೆ ಚೆಲ್ಲೊ, ಡಬಲ್ ಬಾಸ್ ದಪ್ಪವಾಗಿ ಬರೆದಿದ್ದರೆ ಅದನ್ನು ಆಮೇಲೆ ತೆಳುವು ಮಾಡುತ್ತಾರೆ. ಹಾಗಾಗಿ ಎರಡನೆಯವರಿಗೆ, ಮೂರನೆಯವರಿಗೆ ಸಿಗುವುದು ತಿದ್ದಿದ ಕೃತಿ. ತಿದ್ದಿದ ಪಾರ್ಟ್ ಎಲ್ಲರಿಗೂ ಪುಕ್ಕಟೆ ಬರಬೇಕು ಅಂತ ಮಾತ್ರ ಕರಾರಿನಲ್ಲಿ ಸೇರಿಸಿ.

ಕೊನೆಗೆ, ಆರ್ಕೆಸ್ಟ್ರಾದ ಭಾಗವನ್ನು ಪಿಯಾನೊಗೆ ಇಳಿಸಿದ ಸ್ಕೋರನ್ನೂ ಜೊತೆಗೇ ಕೇಳಿ, ಅದರ ಗಡುವನ್ನೂ ಬರೆಸಿ. ಆರ್ಕೆಸ್ಟ್ರಾ ಜೊತೆ ಎರಡೋ ಮೂರೋ ತಾಲೀಮು ಸಿಗುವ ಮೊದಲು ವಾದಕರು ತಿಂಗಳುಗಟ್ಟಲೆ ಅಭ್ಯಾಸ ಮಾಡುವುದು ಆ ಪಿಯಾನೊ ಸ್ಕೋರ್ ಹಿಡಿದೇ. "ನಮಗೆ ಮಾತ್ರ" ಅನ್ನುವ ಹಕ್ಕಿನ ಅವಧಿ ಮುಗಿದ ಮೇಲೆ ಸಂಗೀತ ಕಾಲೇಜಿನ ಹುಡುಗರು ಕೊಂಡು ತಂದು ನುಡಿಸುವುದೂ ಅದನ್ನೇ.