ಪ್ಯಾಡ್ ಕಟ್ಟಿ ಕಾಯುವ ಹೊತ್ತು

ಕಿರಿಯರ ಕ್ರಿಕೆಟ್ ಆಯ್ಕೆಯ ದಿನ ಗದಗ, ಹಾವೇರಿ, ರಾಣೆಬೆನ್ನೂರಿನ ಮಕ್ಕಳು ಬೆಳಗಿನ ಬಸ್ಸಿಗೇ ಹುಬ್ಬಳ್ಳಿಗೆ ಬಂದಿಳಿಯುತ್ತಾರೆ. ನೆಟ್ಸ್‌ನಲ್ಲಿ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ಚೆಂಡು. ಕಾಯುವುದು ಮಾತ್ರ ಗಂಟೆಗಟ್ಟಲೆ. ತರಬೇತುದಾರನಾಗಿ ನಾನು ಕಂಡಂತೆ, ಬಹಳಷ್ಟು ಮಕ್ಕಳ ಆಟ ಕೆಡುವುದು ಈ ಕಾಯುವ ಹೊತ್ತಿನಲ್ಲಿಯೇ.

ಅಂಜಿಕೆ ಮೊದಲು ಕಾಣುವುದು ಕೈಯಲ್ಲಿ. ಉಸಿರು ಎದೆಯ ಮೇಲ್ಭಾಗದಲ್ಲಿಯೇ ಆಡತೊಡಗುತ್ತದೆ, ಭುಜ ಏರುತ್ತದೆ, ಬ್ಯಾಟಿನ ಹಿಡಿಯ ಮೇಲೆ ಕೆಳಗಿನ ಕೈ ಬಿಗಿಯಾಗುತ್ತದೆ. ಆಗ ಬ್ಯಾಟಿನ ಮುಖ ಬೇಗ ಮುಚ್ಚಿಕೊಂಡು, ನೆಲದ ಮೇಲೆ ನೇರ ಹೋಗಬೇಕಾದ ಡ್ರೈವ್ ಮಿಡ್ ಆನ್ ಫೀಲ್ಡರ್ ಕಡೆಗೆ ಗಾಳಿಯಲ್ಲಿ ಏಳುತ್ತದೆ. ವೇಗದ ಬೌಲರ್ ಅವಸರದಲ್ಲಿ ಓಡಿ ನೋಬಾಲ್ ಹಾಕುತ್ತಾನೆ. ಸ್ಪಿನ್ನರ್‌ನ ಬೆರಳು ಬಿಗಿದು ಚೆಂಡು ಮೊಟಕಾಗಿ ಬೀಳುತ್ತದೆ. ಬಲೆಯ ಹೊರಗೆ ನಿಂತ ತಂದೆ ಇದನ್ನು ಆಟದ ದೋಷವೆಂದು ತಿಳಿದು “ಮೊಣಕೈ ಎತ್ತು, ತಲೆ ಬಗ್ಗಿಸು” ಎಂದು ಕೂಗುತ್ತಾರೆ. ಬಿಗಿದ ಕೈ ಇನ್ನಷ್ಟು ಬಿಗಿಯುತ್ತದೆ.

“ಹೆದರಬೇಡ” ಎಂಬ ಮಾತಿನಿಂದ ಯಾವ ಮಗುವಿನ ಹೆದರಿಕೆಯೂ ಹೋಗಿದ್ದನ್ನು ನಾನು ನೋಡಿಲ್ಲ. ಅದರ ಬದಲು ಒಂದು ಕೆಲಸ ಕೊಡುತ್ತೇನೆ. “ತಮ್ಮಾ, ಹಿಡಿಯನ್ನು ನಿನ್ನ ಶಕ್ತಿಯಿದ್ದಷ್ಟು ಅಮುಕು. ಅದು ಹತ್ತು. ಈಗ ನಾಲ್ಕಕ್ಕೆ ಇಳಿಸು.” ಬೆರಳುಗಳ ಗೆಣ್ಣು ಬಿಳಿಚಿದ್ದು ಮತ್ತೆ ಬಣ್ಣಕ್ಕೆ ಬರುವುದು ಕಣ್ಣಿಗೇ ಕಾಣುತ್ತದೆ. ಜೊತೆಗೆ ನಾಲ್ಕು ಎಣಿಸುವಷ್ಟು ಉಸಿರು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ. ಉಸಿರು ಹೊರಹೋಗುವಾಗ ಹೃದಯದ ಬಡಿತ ತಾನಾಗಿಯೇ ನಿಧಾನವಾಗುತ್ತದೆ, ಆದ್ದರಿಂದ ಬಿಡುವ ಉಸಿರು ಉದ್ದವಿರಬೇಕು. ಇದನ್ನು ವಾರಗಳ ಮೊದಲೇ ರೂಢಿಸಬೇಕು. ಆಯ್ಕೆಯ ದಿನ ಹೊಸದಾಗಿ ಹೇಳಿಕೊಟ್ಟರೆ ಅದೂ ಒಂದು ಚಿಂತೆಯಾಗುತ್ತದೆ.

ಇನ್ನು ಕಾಯುವ ವಿಷಯ. ಹೆಸರು ಬರೆಸಿದ ಕೂಡಲೇ ಪ್ಯಾಡ್ ಕಟ್ಟಿ ಬಿಸಿಲಿನಲ್ಲಿ ಕೂರುವ ಮಕ್ಕಳೇ ಹೆಚ್ಚು. ಕಾಲು ಬೆವರುತ್ತದೆ, ಮೈ ಮರಗಟ್ಟುತ್ತದೆ, ಕಣ್ಣು ಮುಂದಿನವನ ಹೊಡೆತಗಳ ಮೇಲೆಯೇ ಇರುತ್ತದೆ. ಅವನು ಚೆನ್ನಾಗಿ ಆಡಿದರೂ ಭಯ, ಕೆಟ್ಟದಾಗಿ ಆಡಿದರೂ ಭಯ. ಮೂರ್ನಾಲ್ಕು ಜನ ಬಾಕಿ ಇರುವಾಗ ಪ್ಯಾಡ್ ಕಟ್ಟಿದರೆ ಸಾಕು. ಅಲ್ಲಿಯವರೆಗೆ ನೆರಳಿನಲ್ಲಿರಲಿ, ನೆಟ್ಸ್‌ಗೆ ಬೆನ್ನು ಮಾಡಿ ಗೆಳೆಯನೊಂದಿಗೆ ಮೆಲ್ಲಗೆ ಕ್ಯಾಚ್ ಆಡಲಿ. ಬೌಲರ್ ತನ್ನ ಹೆಜ್ಜೆಗಳನ್ನು ಮೊದಲೇ ಅಳೆದಿಟ್ಟುಕೊಳ್ಳಲಿ. ಮ್ಯಾಟ್ ಮೇಲೆ ಆಡಿ ಬೆಳೆದ ಮಗುವಿಗೆ ಹುಲ್ಲು-ಮಣ್ಣಿನ ಟರ್ಫ್ ಪಿಚ್‌ನ ಪುಟಿತ ಬೇರೆಯೇ ಅನಿಸುತ್ತದೆ. ಮೊದಲ ಒಂದೆರಡು ಚೆಂಡನ್ನು ತಡೆದು ನೋಡುವುದು ಹೇಡಿತನವಲ್ಲ ಎಂದು ಅದಕ್ಕೆ ಮುಂಚಿತವಾಗಿ ಹೇಳಿರಬೇಕು.

ಊಟ ತಿಂಡಿ ರೂಢಿಯದೇ ಇರಲಿ, ಆಟಕ್ಕೆ ಎರಡು ಮೂರು ಗಂಟೆ ಮೊದಲು.

ಪಾಲಕರು ಉದಾಹರಣೆಗಳನ್ನೂ ಹೊತ್ತು ನೋಡಿ ಹೇಳಬೇಕು. ಭಾರತ ತಂಡಕ್ಕೆ ಆಡಿದ ಗದಗದ ಸ್ಪಿನ್ನರ್ ಸುನಿಲ್ ಜೋಶಿ ಅಭ್ಯಾಸಕ್ಕಾಗಿ ಹುಬ್ಬಳ್ಳಿಗೆ ಓಡಾಡಿದ್ದು, 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್‌ಗಳಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ಪಡೆದದ್ದು ನಮ್ಮ ಕಡೆಯ ಮಕ್ಕಳು ಕೇಳಲೇಬೇಕಾದ ಕಥೆ. ಮಾಮೂಲಿ ದಿನಗಳಲ್ಲಿ ಅದು ಬೆಳಗ್ಗೆ ಬೇಗ ಏಳಿಸುತ್ತದೆ. ಆಯ್ಕೆಯ ದಿನ ಬಸ್ಸಿನಲ್ಲಿ ಹೇಳಿದರೆ ಮಗುವಿನ ಹೆಗಲಿಗೆ ಕಿಟ್ ಜೊತೆ ಇನ್ನೊಂದು ಹೊರೆ. “ಆಯ್ಕೆಯಾದರೆ ಹೊಸ ಬ್ಯಾಟ್” ಎಂಬ ಆಸೆಯೂ ಅಷ್ಟೇ.

ಶಿಬಿರ ನಡೆಸುವ ಗೆಳೆಯರಿಗೊಂದು ಕೋರಿಕೆ: ಆಯ್ಕೆಗೆ ಒಂದು ತಿಂಗಳಿರುವಾಗಲೇ ವಾರಕ್ಕೊಮ್ಮೆ ಅಣಕು ಆಯ್ಕೆ ನಡೆಸಿ. ಮಕ್ಕಳಿಗೆ ಪರಿಚಯವಿಲ್ಲದ ಒಬ್ಬರು ನೋಟ್‌ಬುಕ್ ಹಿಡಿದು ಕುಳಿತಿರಲಿ. ಅಂಗಿಗೆ ನಂಬರ್ ಚೀಟಿ ಅಂಟಿಸಿ, ಒಂದು ಗಂಟೆ ಕಾಯಿಸಿ, ಆರೇ ಚೆಂಡು ಕೊಡಿ. ಮೊದಲ ವಾರ ಎಲ್ಲರೂ ತಡವರಿಸುತ್ತಾರೆ. ಆಗ ತಿದ್ದಲು ಹೋಗಬೇಡಿ. ಅವರ ಕೈಗಳನ್ನಷ್ಟೇ ಗಮನಿಸಿ, ಯಾರದು ಯಾವಾಗ ಬಿಗಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ಮುಂದಿನ ವಾರದ ಕೆಲಸ ಅಲ್ಲಿಂದಲೇ ಶುರು.