ಗೋಡೆ ಸಿಕ್ಕ ಕೂಡಲೇ ಅದರ ಬೆನ್ನು ಹತ್ತಬೇಡಿ

ಪುರಾತತ್ವ ಉತ್ಖನನಕ್ಕೆ ತೋಡಿದ ಕಂದಕದ ಮೂಲೆಯಲ್ಲಿ ಮಣ್ಣು ಕೆರೆಯುತ್ತಿದ್ದವರು ಕರಣೆ ನಿಲ್ಲಿಸಿ ತಲೆ ಎತ್ತಿದರೆ ಏನೋ ಸಿಕ್ಕಿದೆ ಅಂತಲೇ ಅರ್ಥ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಮೂರು ಕಲ್ಲು. ಮೂರೂ ಒಂದೇ ಗೆರೆಯಲ್ಲಿವೆ. ಬ್ರಷ್ ಹಿಡಿದು ಮಣ್ಣು ಸರಿಸಿದರೆ ನಾಲ್ಕನೆಯದು, ಐದನೆಯದು. ಅಷ್ಟರಲ್ಲಿ ಎಲ್ಲರಿಗೂ ಸುದ್ದಿ ಮುಟ್ಟಿರುತ್ತದೆ: ಗೋಡೆ ಸಿಕ್ಕಿತು!

ಎಷ್ಟು ವರ್ಷ ಈ ಕೆಲಸ ಮಾಡಿದರೂ ಆ ಖುಷಿ ನನಗೆ ಹಳತಾಗಿಲ್ಲ. ಆದರೆ ದೊಡ್ಡ ತಪ್ಪು ಆಗುವುದೂ ಅದೇ ಗಳಿಗೆಯಲ್ಲಿ. ಗೋಡೆ ಎಲ್ಲಿಗೆ ಹೋಗುತ್ತದೆ ನೋಡೋಣ ಅಂತ ಅದರ ಪಕ್ಕದಲ್ಲೇ ಚರಂಡಿಯ ಹಾಗೆ ಅಗೆಯುತ್ತಾ ಹೊರಡುತ್ತಾರೆ. ಗೋಡೆ ಚೆನ್ನಾಗಿ ಕಾಣುತ್ತದೆ, ಫೋಟೋಗೂ ಚೆಂದ. ಆದರೆ ಗೋಡೆಗೆ ತಾಗಿಕೊಂಡಿದ್ದ ನೆಲ, ಕುಸಿದ ಸೂರಿನ ಮಣ್ಣು, ಬೂದಿ, ಪಾಯದ ಗುಂಡಿ, ಎಲ್ಲವೂ ಆ ಒಂದಡಿ ಅಗಲದ ಚರಂಡಿಯಲ್ಲಿ ಕತ್ತರಿಸಿ ಹೋಗಿರುತ್ತವೆ. ಗೋಡೆ ಮಾತ್ರ ಉಳಿಯುತ್ತದೆ, ಯಾವುದರ ನಂಟೂ ಇಲ್ಲದೆ.

ಕಲ್ಲನ್ನು ನೋಡಿ ಗೋಡೆಯ ವಯಸ್ಸು ಹೇಳಲು ಆಗುವುದಿಲ್ಲ. ಕಲ್ಲಿನ ವಯಸ್ಸು ಬೇರೆ, ಅದನ್ನು ತಂದು ಕಟ್ಟಿದ ಕಾಲ ಬೇರೆ. ಆ ಕಾಲ ಗೊತ್ತಾಗುವುದು ಪಕ್ಕದ ಮಣ್ಣಿನಿಂದ. ಪಾಯದ ಗುಂಡಿ ಯಾವ ನೆಲವನ್ನು ಕಡಿದುಕೊಂಡು ಇಳಿದಿದೆಯೋ ಆ ನೆಲ ಗೋಡೆಗಿಂತ ಹಳೆಯದು. ಯಾವ ನೆಲ ಗೋಡೆಯ ಮುಖಕ್ಕೆ ಬಂದು ತಾಗಿ ನಿಂತಿದೆಯೋ ಅದು ಗೋಡೆ ಎದ್ದ ಮೇಲಿನದು. ಪಾಯದ ಗುಂಡಿಗೆ ತುಂಬಿದ ಮಣ್ಣಿನಲ್ಲಿ ಒಂದು ನಾಣ್ಯ ಸಿಕ್ಕಿತು ಅಂದುಕೊಳ್ಳಿ. ಗೋಡೆ ಆ ನಾಣ್ಯಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಇಷ್ಟೆಲ್ಲ ಹೇಳುವ ಮಣ್ಣು ಇರುವುದು ಗೋಡೆಯ ಬುಡದಲ್ಲಿ, ಸರಿಯಾಗಿ ನಾವು ಅವಸರದಲ್ಲಿ ಅಗೆಯುವ ಜಾಗದಲ್ಲೇ. ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಈ ಅಭ್ಯಾಸವನ್ನು ಕಟುವಾಗಿ ಟೀಕಿಸಿದ್ದು ಅದಕ್ಕೇ. ಗೋಡೆಯ ಉದ್ದಕ್ಕೆ ಅಲ್ಲ, ಗೋಡೆಗೆ ಅಡ್ಡಲಾಗಿ ಅಗೆಯಬೇಕು. ಆಗ ಕಂದಕದ ಬದಿಯಲ್ಲಿ ಗೋಡೆಯೂ ನೆಲವೂ ಒಟ್ಟಿಗೆ ಕಾಣುತ್ತವೆ.

ಈ ತಪ್ಪು ಎಷ್ಟು ದುಬಾರಿ ಅನ್ನುವುದಕ್ಕೆ ಆಫ್ರಿಕಾದ ಗ್ರೇಟ್ ಜಿಂಬಾಬ್ವೆ ಎಂಬ ಹಾಳು ನಗರ ಸಾಕು. ಗಾರೆ ಇಲ್ಲದೆ, ಗ್ರಾನೈಟ್ ಕಲ್ಲನ್ನು ಕಲ್ಲಿನ ಮೇಲೆ ಕೂರಿಸಿ ಎಬ್ಬಿಸಿದ ಗೋಡೆಗಳು. ದೊಡ್ಡ ಆವರಣದ ಹೊರಗೋಡೆ ಸುಮಾರು 11 ಮೀಟರ್ ಎತ್ತರದವರೆಗೂ ಇದೆ. 1902ರಿಂದ 1904ರವರೆಗೆ ರಿಚರ್ಡ್ ಹಾಲ್ ಎಂಬಾತ ಇಲ್ಲಿ 'ಸ್ವಚ್ಛ' ಮಾಡಿಸಿದ. ಆಫ್ರಿಕಾದ ಜನ ಇಂಥದ್ದನ್ನು ಕಟ್ಟಿರಲಾರರು ಅನ್ನುವುದು ಅವನ ನಂಬಿಕೆ. ಹಾಗಾಗಿ ಅವರು ಬದುಕಿದ ಗುರುತಿನ ಪದರಗಳನ್ನೇ ಕಸ ಎಂದು ಎತ್ತಿ ಹಾಕಿಸಿದ. ಗೋಡೆಗಳು ನಿಂತವು, ಅವುಗಳ ಬುಡದ ಮಣ್ಣು ಹೋಯಿತು. 1905ರಲ್ಲಿ ರ‍್ಯಾಂಡಲ್ ಮೆಕೈವರ್, ಆಮೇಲೆ 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಎಂಬ ಪುರಾತತ್ವಜ್ಞರು ಬಂದು, ಕೆದಕದೆ ಉಳಿದಿದ್ದ ಜಾಗಗಳನ್ನು ಹುಡುಕಿ ಅಗೆದರು. ಇದನ್ನು ಕಟ್ಟಿದವರು ಆಫ್ರಿಕಾದವರೇ ಎಂದು ತೋರಿಸಿಕೊಟ್ಟರು. ಹಾಲ್ ಎತ್ತಿ ಹಾಕಿಸಿದ ಮಣ್ಣಿನಲ್ಲಿ ಏನಿತ್ತೋ ಅದು ಇನ್ನು ಯಾರಿಗೂ ಸಿಗುವುದಿಲ್ಲ. ಈ ಕಥೆ ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಅದೇ ಜಾಗದಲ್ಲಿ ಗೋಡೆಗಳನ್ನು ತಾಳ್ಮೆಯಿಂದ ನೋಡಿದವರೂ ಇದ್ದರು. ಆಂಥನಿ ವಿಟಿ ಎಂಬ ವಾಸ್ತುಶಿಲ್ಪಿ ಕಲ್ಲು ಜೋಡಿಸಿದ ರೀತಿಯನ್ನೇ ಹಿಡಿದು ಗೋಡೆಗಳನ್ನು ಪಿ, ಕ್ಯೂ, ಆರ್ ಎಂದು ಮೂರು ಬಗೆಯಾಗಿ ವಿಂಗಡಿಸಿದರು. ಅಂಕುಡೊಂಕು ಸಾಲಿನದು ಪಿ. ಆರಿಸಿದ ಕಲ್ಲಿನ ನೇರ ಸಾಲು ಕ್ಯೂ. ಆರಿಸದೆ ಪೇರಿಸಿದ್ದು ಆರ್. ಗೋಡೆಗೆ ಗೋಡೆ ತಾಗುವ ಕಡೆ ನೋಡಿದರೆ ಪಿ ಮೊದಲು, ಕ್ಯೂ ಆಮೇಲೆ. ಅಂದರೆ ಕಟ್ಟುವವರ ಕೈ ಪಳಗಿದ್ದು ಗೋಡೆಯಲ್ಲೇ ಕಾಣುತ್ತದೆ.

ಗೋಡೆಗೆ ಗೋಡೆ ತಾಗುವ ಆ ಸಂದಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನನ್ನ ಕೆಲಸದ ಅರ್ಧ ಭಾಗ ಅದೇ.

ಎರಡು ಗೋಡೆ ಸೇರುವ ಮೂಲೆ. ಒಂದು ಸಾಲಿನಲ್ಲಿ ಎಡಗಡೆಯ ಕಲ್ಲು ಬಲಗೋಡೆಯೊಳಗೆ ಹೊಕ್ಕಿದೆ. ಅದರ ಮೇಲಿನ ಸಾಲಿನಲ್ಲಿ ಬಲಗಡೆಯದು ಎಡಕ್ಕೆ ಹೊಕ್ಕಿದೆ. ಬೆರಳಿಗೆ ಬೆರಳು ಹೆಣೆದ ಹಾಗೆ. ಇಂಥವು ಒಟ್ಟಿಗೆ ಎದ್ದ ಗೋಡೆಗಳು. ಮೇಲಿಂದ ಕೆಳಗಿನವರೆಗೆ ಒಂದೇ ನೇರ ಸೀಳು ಕಂಡರೆ, ಒಂದು ಮೊದಲಿನದು, ಇನ್ನೊಂದು ಆಮೇಲೆ ಬಂದು ಆತುಕೊಂಡದ್ದು. ಆದರೆ ಆಮೇಲೆ ಅಂದರೆ ಯಾವಾಗ? ಮುಂದಿನ ವಾರವೂ ಆಗಿರಬಹುದು, ಇನ್ನೂರು ವರ್ಷ ಕಳೆದೂ ಆಗಿರಬಹುದು. ಸಂದು ಕೊಡುವುದು ಹಿಂದು ಮುಂದಿನ ಲೆಕ್ಕ ಮಾತ್ರ, ವರ್ಷದ ಲೆಕ್ಕ ಅಲ್ಲ.

ನಾನು ಕೆಲಸ ಕಲಿಯುತ್ತಿದ್ದಾಗ ಇಂಥದೊಂದು ಮೂಲೆಯ ಚಿತ್ರ ಬರೆದಿದ್ದೆ. ಬಿಸಿಲು ಏರಿತ್ತು, ದೂರದಿಂದ ಕಲ್ಲುಗಳು ಹೆಣೆದುಕೊಂಡ ಹಾಗೇ ಕಂಡವು, ಹಾಗೇ ಬರೆದೆ. ಗುರುಗಳು ಬಂದು ಹಾಳೆ ನೋಡಿದರು, ಗೋಡೆ ನೋಡಿದರು. "ಇದನ್ನ ನೋಡಿ ಬರೆದ್ಯಾ, ಊಹಿಸಿ ಬರೆದ್ಯಾ?" ಅಂತ ಕೇಳಿದರು. ಬಯ್ಯಲಿಲ್ಲ. ಒಂದು ತೆಳು ಬಿದಿರು ಕಡ್ಡಿ ಕೈಗೆ ಕೊಟ್ಟರು. ಮೂಲೆಯ ಸಂದಿನಲ್ಲಿ ಮಣ್ಣು ಬಿಡಿಸುತ್ತಾ ಹೋದೆ. ಕಡ್ಡಿ ಒಳಗೆ ಹೋಗುತ್ತಲೇ ಇತ್ತು, ಒಂದು ಗೇಣಿನಷ್ಟು. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಬೆಳ್ಳಗೆ ಏನೋ ಹೊಳೆಯಿತು. ಸುಣ್ಣದ ಗಿಲಾವು. ಮೊದಲ ಗೋಡೆಯ ಮುಖದ ಮೇಲೆ ಬಳಿದಿದ್ದ ಗಿಲಾವು ಎರಡನೆಯ ಗೋಡೆಯ ಹಿಂದೆ ಹಾಗೇ ಮುಂದುವರಿದಿತ್ತು. ಅಂದರೆ ಮೊದಲ ಗೋಡೆ ಕಟ್ಟಿ ಮುಗಿದು, ಗಿಲಾವು ಆಗಿ, ಜನ ಅದನ್ನು ನೋಡಿಕೊಂಡು ಓಡಾಡಿದ ಮೇಲೆ ಎರಡನೆಯದು ಬಂದಿದೆ. ನಾನು ಒಂದೇ ಕೋಣೆ ಅಂದುಕೊಂಡಿದ್ದದ್ದು ಎರಡು ಕಾಲದ ಕಟ್ಟಡ. ಆ ಹಾಳೆಯನ್ನು ಅಳಿಸಿ ಮತ್ತೆ ಬರೆದೆ. ಅವತ್ತಿಂದ ಕಡ್ಡಿ ಹಾಕದೆ ಯಾವ ಸಂದನ್ನೂ ಬರೆದಿಲ್ಲ.

ಇದನ್ನೆಲ್ಲ ನೆನಪಿನಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ಅದಕ್ಕೆ ಪ್ರತಿಯೊಂದಕ್ಕೂ ನಂಬರ್. ಪಾಯದ ಗುಂಡಿ ತೋಡಿದ್ದು ಒಂದು ನಂಬರ್, ಅದರಲ್ಲಿ ಎದ್ದ ಗೋಡೆ ಇನ್ನೊಂದು, ಉಳಿದ ಜಾಗಕ್ಕೆ ತುಂಬಿದ ಮಣ್ಣು ಮತ್ತೊಂದು. ಯಾವುದರ ಮೇಲೆ ಯಾವುದು, ಯಾವುದನ್ನು ಯಾವುದು ಕಡಿದಿದೆ ಎಂದು ಈ ನಂಬರ್‌ಗಳನ್ನು ಗೆರೆ ಎಳೆದು ಜೋಡಿಸುವ ಪದ್ಧತಿಯನ್ನು 1973ರಲ್ಲಿ ಪುರಾತತ್ವಜ್ಞ ಎಡ್ವರ್ಡ್ ಹ್ಯಾರಿಸ್ ರೂಪಿಸಿದರು. ಇಂಗ್ಲೆಂಡಿನ ವಿಂಚೆಸ್ಟರ್ ಉತ್ಖನನದ ದಾಖಲೆಗಳ ಮೇಲೆ ಕೆಲಸ ಮಾಡುತ್ತಿದ್ದಾಗ ಹೊಳೆದದ್ದು. ಹ್ಯಾರಿಸ್ ಮ್ಯಾಟ್ರಿಕ್ಸ್ ಅಂತಲೇ ಅದಕ್ಕೆ ಹೆಸರು.

ಇನ್ನು ಚಿತ್ರ ಬರೆಯುವುದು. ಗೋಡೆಯ ಮುಖವನ್ನು ಸಾಮಾನ್ಯವಾಗಿ 1:20 ಅಳತೆಯಲ್ಲಿ ಬರೆಯುತ್ತೇವೆ. ಗೋಡೆಯ 1 ಮೀಟರ್ ಹಾಳೆಯ ಮೇಲೆ 5 ಸೆಂಟಿಮೀಟರ್. ಗೋಡೆಗೆ ಅಡ್ಡವಾಗಿ ಒಂದು ದಾರ ಬಿಗಿದು, ಮಟ್ಟ ನೋಡಿ, ಅದರ ಎತ್ತರ ಗುರುತು ಮಾಡಿಕೊಳ್ಳುತ್ತೇವೆ. ದಾರದ ಉದ್ದಕ್ಕೆ ಟೇಪ್. ಅಲ್ಲಿಂದ ಮೇಲಕ್ಕೆ ಕೆಳಕ್ಕೆ ತೂಗುಗುಂಡು ಇಟ್ಟು ಒಂದೊಂದು ಕಲ್ಲಿನ ಮೂಲೆಯನ್ನೂ ಅಳೆಯುವುದು. ಒಬ್ಬರು ಅಳತೆ ಕೂಗುತ್ತಾರೆ, ಇನ್ನೊಬ್ಬರು ಬರೆಯುತ್ತಾರೆ. ಕಾಗದ ಒದ್ದೆಯಾದರೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದಕ್ಕೆ ಪ್ಲಾಸ್ಟಿಕ್ ಡ್ರಾಯಿಂಗ್ ಫಿಲ್ಮ್, ಗಟ್ಟಿ ಮೊನೆಯ 4ಎಚ್ ಪೆನ್ಸಿಲ್.

ಹೊಸಬರು ಮಾಡುವ ತಪ್ಪು ಒಂದೇ. ನಾಲ್ಕು ಕಲ್ಲು ನೋಡಿ ಬರೆಯುತ್ತಾರೆ, ಐದನೆಯದರಿಂದ ಸುಮ್ನೆ ಇಟ್ಟಿಗೆ ಜೋಡಿಸಿದ ಹಾಗೆ ಬರೆದುಕೊಂಡು ಹೋಗುತ್ತಾರೆ. ಗೋಡೆ ಹಾಗಿರುವುದಿಲ್ಲ. ಒಂದು ಕಡೆ ಚಾಣದ ಗುರುತು ಇರುತ್ತದೆ. ಇನ್ನೊಂದು ಕಡೆ ಆರು ಕಲ್ಲು ಮಾತ್ರ ಕೆಂಪಾಗಿರುತ್ತವೆ. ಮತ್ತೊಂದು ಕಡೆ ದೊಡ್ಡ ಕಲ್ಲುಗಳ ನಡುವೆ ಸಣ್ಣ ಚಕ್ಕೆಗಳೇ ತುಂಬಿರುತ್ತವೆ. ಅದು ಮುಚ್ಚಿದ ಕಿಂಡಿಯೋ ಬಾಗಿಲೋ ಆಗಿರಬಹುದು. ಹಾಳೆಯಲ್ಲಿ 'ಆರು ಕಲ್ಲು ಕೆಂಪು' ಎಂದು ಬರೆಯಿರಿ. 'ಬೆಂಕಿ ಬಿದ್ದು ಹಾಳಾಗಿದೆ' ಎಂದು ಬರೆಯಬೇಡಿ. ಅದು ನಿಮ್ಮ ಊಹೆ, ಅದಕ್ಕೆ ಬೇರೆ ಜಾಗ ಇದೆ.

ಈಗ ಫೋಟೋಗ್ರಾಮೆಟ್ರಿ ಇದೆಯಲ್ಲ, ಕೈಯಲ್ಲಿ ಯಾಕೆ ಬರೆಯಬೇಕು ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಂದರ ಮೇಲೊಂದು ಬರುವ ಹಾಗೆ ನೂರಾರು ಫೋಟೋ ತೆಗೆದು, ಟೋಟಲ್ ಸ್ಟೇಷನ್ ಎಂಬ ಸರ್ವೆ ಯಂತ್ರದಿಂದ ಅಳೆದ ಗುರುತುಗಳನ್ನು ಕೊಟ್ಟರೆ, ಕಂಪ್ಯೂಟರ್ ಇಡೀ ಗೋಡೆಯನ್ನು ಮೂರು ಆಯಾಮದಲ್ಲಿ ಕಟ್ಟಿಕೊಡುತ್ತದೆ. ಕೈಯಲ್ಲಿ ದಿನಗಟ್ಟಲೆ ಹಿಡಿಯುವ ಅಳತೆ ಗಂಟೆಗಳಲ್ಲಿ ಮುಗಿಯುತ್ತದೆ, ಜಾಸ್ತಿ ಸರಿಯಾಗಿಯೂ ಇರುತ್ತದೆ. ನಾನೂ ಬಳಸುತ್ತೇನೆ. ಮೋಡ ಕವಿದ ದಿನ, ಇಲ್ಲವೇ ಬಿಸಿಲು ಬೀಳುವ ಮುಂಚೆ ತೆಗೆಯಿರಿ. ಗಾಢ ನೆರಳು ಬಿದ್ದರೆ ಸಂದು ಯಾವುದು ನೆರಳು ಯಾವುದು ಗೊತ್ತಾಗುವುದಿಲ್ಲ. ಆದರೆ ಕ್ಯಾಮೆರಾ ಕಡ್ಡಿ ಹಾಕಿ ನೋಡುವುದಿಲ್ಲ, ಅಲ್ವಾ? ಗಾರೆಯೋ, ಮಳೆಗೆ ಹರಿದು ಬಂದು ಕೂತ ಮಣ್ಣೋ ಎಂದು ಉಗುರಲ್ಲಿ ಕೆರೆದು ನೋಡುವುದಿಲ್ಲ. ಅದಕ್ಕೆ ನಾನು ಆ ಚಿತ್ರವನ್ನು ಪ್ರಿಂಟ್ ತೆಗೆದು, ಮತ್ತೆ ಗೋಡೆಯ ಎದುರಿಗೆ ಕೂತು, ಒಂದೊಂದು ಕಲ್ಲನ್ನೂ ನೋಡುತ್ತಾ ಅದರ ಮೇಲೆ ಗುರುತು ಹಾಕುತ್ತೇನೆ. ಕಚೇರಿಯಲ್ಲಿ ಕೂತು ಪರದೆ ನೋಡಿಕೊಂಡು ಗೆರೆ ಎಳೆಯುವುದನ್ನು ನಾನು ಒಪ್ಪುವುದಿಲ್ಲ.

ಮೆಟ್ಟಿಲಿನ ವಿಷಯಕ್ಕೆ ಬರೋಣ. ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಇದು. ಗೋಡೆಯನ್ನು ಕಟ್ಟಿ ಬಿಟ್ಟಿರುತ್ತಾರೆ. ಮೆಟ್ಟಿಲನ್ನು ಪ್ರತಿದಿನ ತುಳಿದಿರುತ್ತಾರೆ.

ಪ್ಯಾಲೆಸ್ಟೈನಿನ ಜೆರಿಕೋದಲ್ಲಿ ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ 1950ರ ದಶಕದಲ್ಲಿ ಅಗೆದು ತೆಗೆದ ಕಲ್ಲಿನ ಗೋಪುರ ಸುಮಾರು 10,000 ವರ್ಷ ಹಳೆಯದು, 8.5 ಮೀಟರ್ ಎತ್ತರ. ಅದರ ಹೊಟ್ಟೆಯೊಳಗೆ 22 ಮೆಟ್ಟಿಲು. ಗೋಪುರ ಯಾತಕ್ಕಿತ್ತು ಎಂಬ ಬಗ್ಗೆ ಇಂದಿಗೂ ವಾದ ಇದೆ. ಊರ ಕಾವಲಿಗೆ ಅಂದರು ಕೆನ್ಯನ್, ಬೇರೆಯವರು ಬೇರೆ ಹೇಳಿದರು. ಆದರೆ ಜನ ಒಳಗಿನಿಂದ ತುದಿಗೆ ಹತ್ತುತ್ತಿದ್ದರು ಎಂಬುದರಲ್ಲಿ ವಾದವಿಲ್ಲ. ಮೆಟ್ಟಿಲಿದೆ.

ಮೇಲಿನ ಅಂತಸ್ತು ಪೂರ್ತಿ ಮಣ್ಣಾಗಿದ್ದರೂ ಅದು ಎಷ್ಟು ಎತ್ತರದಲ್ಲಿತ್ತು ಎಂದು ಹೇಳುವುದು ಮೆಟ್ಟಿಲೇ. ಏಳು ಮೆಟ್ಟಿಲು ಉಳಿದಿವೆ ಅನ್ನಿ. ಒಂದೊಂದರ ಎತ್ತರ ಸರಾಸರಿ 19 ಸೆಂಟಿಮೀಟರ್, ಕಾಲಿಡುವ ಹಾಸು 28 ಸೆಂಟಿಮೀಟರ್. ಮೆಟ್ಟಿಲು ಕಟ್ಟಿದ ಜಾಗದ ಉದ್ದ 4 ಮೀಟರ್. ಅಷ್ಟರಲ್ಲಿ 14 ಮೆಟ್ಟಿಲು ಹಿಡಿಯುತ್ತವೆ. ಅಂದರೆ ಮೇಲಿನ ನೆಲ ಸುಮಾರು 2.66 ಮೀಟರ್ ಮೇಲಿತ್ತು. ಉಳಿದ ಏಳನ್ನು ಗಟ್ಟಿ ಗೆರೆಯಲ್ಲಿ, ಲೆಕ್ಕದಿಂದ ಬಂದ ಏಳನ್ನು ಚುಕ್ಕಿ ಗೆರೆಯಲ್ಲಿ ಬರೆಯಬೇಕು. ಎರಡನ್ನೂ ಒಂದೇ ಗೆರೆಯಲ್ಲಿ ಬರೆದರೆ ಮುಂದೆ ಆ ನಕ್ಷೆ ನೋಡುವವರಿಗೆ ಮೋಸ ಮಾಡಿದ ಹಾಗೆ.

ಮೆಟ್ಟಿಲು ಅಂದರೆ ಸಮತಟ್ಟು ಅಂದುಕೊಂಡು ಮಧ್ಯದಲ್ಲಿ ಒಂದೇ ಕಡೆ ಮಟ್ಟ ತೆಗೆದು, ಅಂದರೆ ಎತ್ತರ ಅಳೆದು, ಮುಂದೆ ಹೋಗುವವರಿದ್ದಾರೆ. ಅಥೆನ್ಸಿನ ಪಾರ್ಥೆನಾನ್ ದೇಗುಲ ನೆನಪಿಸಿಕೊಳ್ಳಿ. ಕಣ್ಣಿಗೆ ಅದರ ಮೆಟ್ಟಿಲುಗಳು ನೇರ. 1840ರ ದಶಕದಲ್ಲಿ ವಾಸ್ತುಶಿಲ್ಪಿ ಫ್ರಾನ್ಸಿಸ್ ಪೆನ್ರೋಸ್ ಕೂತು ಅಳೆದಾಗ, ಅವು ನಡುವೆ ಉಬ್ಬಿರುವುದು ಅಂಕಿಗಳಲ್ಲಿ ಗಟ್ಟಿಯಾಯಿತು. ಉದ್ದದ ಬದಿಯಲ್ಲಿ ಸುಮಾರು 11 ಸೆಂಟಿಮೀಟರ್, ಅಗಲದ ಬದಿಯಲ್ಲಿ ಸುಮಾರು 6. ಅದು ನೆಲ ಕುಸಿದು ಆದದ್ದಲ್ಲ, ಬೇಕೆಂದೇ ಕಟ್ಟಿದ್ದು. ಅದಕ್ಕೆ ಒಂದೊಂದು ಮೆಟ್ಟಿಲಿಗೂ ಎಡ, ನಡು, ಬಲ ಮೂರೂ ಕಡೆ ಮಟ್ಟ ತೆಗೆಯಿರಿ. ಮುಂದಿನ ಅಂಚು, ಹಿಂದಿನ ಅಂಚು ಎರಡರಲ್ಲೂ.

ಸವೆತವನ್ನು ಬೇರೆಯಾಗಿ ಅಳೆಯಬೇಕು. ನೇರವಾದ ಹಲಗೆಯನ್ನು ಮೆಟ್ಟಿಲಿಗೆ ಅಡ್ಡ ಇಟ್ಟು, 5 ಸೆಂಟಿಮೀಟರಿಗೊಂದು ಕಡೆ ಹಲಗೆಯಿಂದ ಕಲ್ಲಿಗೆ ಎಷ್ಟು ಆಳ ಎಂದು ಬರೆದುಕೊಳ್ಳುವುದು. ತಗ್ಗು ನಡುವೆ ಇದೆಯಾ, ಗೋಡೆಯ ಕಡೆ ಸರಿದಿದೆಯಾ? ಅಂಚು ಮಾತ್ರ ಉರುಟಾಗಿದೆಯಾ? ಒಮ್ಮೆ ಹೀಗೆ ಅಳೆಯುತ್ತಿದ್ದಾಗ ನಾಲ್ಕನೆಯ ಮೆಟ್ಟಿಲು ಲೆಕ್ಕಕ್ಕೆ ಸಿಗಲಿಲ್ಲ. ಮೂರನೆಯದರಲ್ಲೂ ಐದನೆಯದರಲ್ಲೂ ಅಂಗೈ ಇಟ್ಟರೆ ಕೂರುವಂಥ ತಗ್ಗು. ನಾಲ್ಕನೆಯದರ ಮೇಲ್ಮೈ ಒರಟು, ಚಾಣದ ಗುರುತೂ ಮಾಸಿಲ್ಲ. ಕಲ್ಲು ಬದಲಾಯಿಸಿದ್ದಾರೆ ಎಂದು ಬರೆದುಕೊಂಡೆವು. ಕೊನೆಗೆ ಎಲ್ಲ ದಾಖಲಾದ ಮೇಲೆ ಅದನ್ನು ಎತ್ತಿದಾಗ ತಳದಲ್ಲಿ ಬೆರಳು ಓಡಿಸಿದೆ. ಅದೇ ತಗ್ಗು ಅಲ್ಲಿತ್ತು, ನಯವಾಗಿ. ಸವೆದ ಕಲ್ಲನ್ನೇ ಯಾರೋ ಮಗುಚಿ ಹಾಕಿದ್ದರು. ಜಾರುತ್ತದೆ ಅಂತಲೋ, ಮನೆಯಲ್ಲಿ ಯಾರಾದರೂ ಬಿದ್ದರೆಂದೋ. ಆ ಕಾರಣ ಹಾಳೆಗೆ ಬರೆಯುವಂಥದ್ದಲ್ಲ. ಆದರೂ ಆ ಸಂಜೆಯೆಲ್ಲ ನಾನು ಆ ಕೈಗಳ ಬಗ್ಗೆಯೇ ಯೋಚಿಸುತ್ತಿದ್ದೆ.

ಕಲ್ಲೇ ಇಲ್ಲದ ಗೋಡೆಯೂ ಇರುತ್ತದೆ. ಹಳೆಯ ಗೋಡೆಯ ಕಲ್ಲುಗಳನ್ನು ಮುಂದಿನ ಕಾಲದವರು ಕಿತ್ತು ತಮ್ಮ ಮನೆಗೆ ಒಯ್ದಿರುತ್ತಾರೆ. ಉಳಿಯುವುದು ಕಿತ್ತ ಜಾಗದ ಉದ್ದನೆಯ ಗುಂಡಿ, ಅದರಲ್ಲಿ ಪುಡಿ ಗಾರೆ, ಒಡೆದ ಚಕ್ಕೆ. ಅದನ್ನೂ ಗೋಡೆಯಷ್ಟೇ ಜೋಪಾನವಾಗಿ ಅಳೆದು ಬರೆಯಬೇಕು. ಗುಂಡಿಯ ಅಗಲದಿಂದ ಗೋಡೆಯ ದಪ್ಪ ಅಂದಾಜು ಸಿಗುತ್ತದೆ. ಗುಂಡಿಯ ಮಣ್ಣಿನಲ್ಲಿರುವ ಮಡಿಕೆ ಚೂರು ಕಲ್ಲು ಕಿತ್ತ ಕಾಲದ್ದು ಇರಬಹುದು, ಕಟ್ಟಿದ ಕಾಲದ್ದಲ್ಲ. ಇದನ್ನು ಬೆರೆಸಿದರೆ ಲೆಕ್ಕವೆಲ್ಲ ತಲೆಕೆಳಗು.

ಮೆಟ್ಟಿಲು ಎತ್ತುವ ಮಾತು ಬಂತು. ಎತ್ತಲೇಬೇಕಾದ ಅಗತ್ಯ ಇಲ್ಲದಿದ್ದರೆ ಎತ್ತಬೇಡಿ. ಎತ್ತುವುದಾದರೆ ಪ್ರತಿ ಕಲ್ಲಿಗೂ ನಂಬರ್ ಚೀಟಿ ಕಟ್ಟಿ, ಮುಂದಿನ ಮುಖ ಯಾವುದು ಎಂದು ಗುರುತು ಮಾಡಿ, ಚೀಟಿ ಕಾಣುವ ಹಾಗೆ ಒಂದು ಫೋಟೋ ತೆಗೆದು, ಮೇಲಿನಿಂದ ಒಂದೊಂದಾಗಿ ಬಿಡಿಸಬೇಕು. ಒಂದೊಂದರ ತಳವನ್ನೂ ನೋಡಬೇಕು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಬಂದಾಗ ನಾವು ಕೆಲಸವನ್ನು ಮಾರನೆಯ ಬೆಳಿಗ್ಗೆಗೆ ಇಟ್ಟುಕೊಳ್ಳುತ್ತೇವೆ. ದಣಿದ ಕೈ ಅದಕ್ಕೆ ಬೇಡ. ಅದರ ಅಡಿಯ ಮಣ್ಣಿಗೆ ಗಾಳಿ ಬೆಳಕು ತಾಗಿದ್ದು, ಆ ಕಲ್ಲನ್ನು ಕೂರಿಸಿದ ದಿನವೇ ಕೊನೆ. ಆ ಮಣ್ಣನ್ನು ಚಮಚದಲ್ಲಿ ಎತ್ತಿ, ಜರಡಿ ಹಿಡಿದು, ಒಂದು ಇದ್ದಿಲ ಚೂರು ಸಿಕ್ಕರೂ ಬೇರೆ ಪೊಟ್ಟಣ ಕಟ್ಟಿ, ಅದರ ಮೇಲೆ ಮೆಟ್ಟಿಲಿನ ನಂಬರ್ ಬರೆಯುತ್ತೇವೆ.